ಹನ್ನೆರಡನೆಯ ಹರಳು

“ಇಪ್ಪತ್ನಾಕು ಪಾಯಿಂಟ್ ಒಂಬತ್ತು. ಪಾಸೋ, ಫೇಲೋ? ಬಾಯಿ ಬಿಡ ಬೇ ಸತ್ಯವ್ವ. ಬಾಯಾಗ ಏನ್ ಕುರಿ ಹಿಕ್ಕಿ ತುಂಬಿಕೊಂಡು ನಿಂತೀಯೇನ್?”

ಸೂಪರ್‌ವೈಸರ್ ಉಳವಪ್ಪ ಸೀಮೆಸುಣ್ಣದ ತುಂಡಿನಿಂದ ಕಾರ್ಖಾನೆಯ ಶೆಡ್ಡಿನ ತಗಡಿನ ಬಾಗಿಲನ್ನು ಕುಟ್ಟಿದ. ಆ ಹೊತ್ತಿಗೆ ಆ ಬಾಗಿಲೇ ಕರಿಹಲಗೆ. ಮೇಲೆ ಎರಡು ಅಂಕಿ ಬರೆದಿದ್ದ: 24.85, 24.95. ಪಿನ್ನಿನ ದಪ್ಪ ಮಿಲಿಮೀಟರಿನಲ್ಲಿ ಈ ಎರಡರ ನಡುವೆ ಇರಬೇಕು. ಕೆಳಗೆ ಒಂಟಿಯಾಗಿ 24.9. ಹೋಳಿ ಹುಣ್ಣಿಮೆ ಕಳೆದು ನಾಲ್ಕು ದಿನವಾಗಿತ್ತು. ಮೈಕೈ ಎಲ್ಲ ತಿಕ್ಕಿ ತೊಳೆದಿದ್ದರೂ ಅವನ ಕಿವಿಯ ಸಂದಿಯಲ್ಲಿ ಗುಲಾಬಿ ಬಣ್ಣ ಇನ್ನೂ ಕೂತಿತ್ತು. ಸತ್ಯವ್ವ ಅದನ್ನೇ ನೋಡುತ್ತ ನಿಂತಿದ್ದಳು. ಕಣ್ಣನ್ನು ಎಲ್ಲಿಯಾದರೂ ಇಡಬೇಕಲ್ಲ.

ಅವಳಿಗೆ ಗೊತ್ತಿದ್ದ ಚುಕ್ಕೆ ಒಂದೇ, ಸಂತೆಯ ಚುಕ್ಕೆ. ಚುಕ್ಕೆಯ ಆಚೆ ರೂಪಾಯಿ, ಈಚೆ ಪೈಸೆ. ಇಪ್ಪತ್ತನಾಲ್ಕು ರೂಪಾಯಿ ಎಂಬತ್ತೈದು ಪೈಸೆ. ಇಪ್ಪತ್ತನಾಲ್ಕು ರೂಪಾಯಿ ಒಂಬತ್ತು ಪೈಸೆ.

“ಫೇಲ್ರಿ,” ಅಂದಳು.

“ಯಾಕ?”

“ಒಂಬತ್ತು ಪೈಸಾ ಎಂಬತ್ತೈದು ಪೈಸಾಕ್ಕಿಂತ ಕಡಿಮಿ ಅಲ್ರಿ?”

ಶೆಡ್ಡೆಲ್ಲ ನಕ್ಕಿತು. ಲೇಥಿನವರು ಯಂತ್ರ ನಿಲ್ಲಿಸಿ ನಕ್ಕರು. ತಪಾಸಣೆಯ ಬೆಂಚಿನಲ್ಲಿ ಅವಳ ಜೊತೆ ಕೂರುವ ಐದು ಹೆಂಗಸರಲ್ಲಿ ನಾಲ್ವರು ಸೆರಗು ಬಾಯಿಗೆ ಒತ್ತಿಕೊಂಡರು. ನಗದೇ ಇದ್ದವಳು ಶಹಾಪುರದ ಕಾಂತಾ ಒಬ್ಬಳೇ. ಅವಳು ರಿಜಿಸ್ಟರ್ ಬರೆಯುವವಳು, ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂತು ಬಂದವಳು.

“ಪೈಸಾ ಅಂತ, ಪೈಸಾ! ಒಂಬತ್ತು ಅಂದ್ರ ಇಲ್ಲಿ ತೊಂಬತ್ತಲೇ ಹುಚ್ಚಿ. ಕೇಳಿದ್ರ್ಯಾ ಸಾಹೇಬ್ರ? ಇಂಥ ಕುರಿ ಕಾಯೂ ರಂಡ್ಯಾರನ್ನ ತಂದು ಕಂಪನಿ ಮಾನ ಇವರ ಕೈಯಾಗ ಇಟ್ಟೇವಿ.”

ಸಾಹೇಬರು ಎಂದರೆ ಮ್ಯಾನೇಜರ್ ಗುರುಪುತ್ರಪ್ಪ. ಹಣೆಗೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಅವರು ಎಂದೂ ಬೈದವರಲ್ಲ. ಬೈಯಲಿಕ್ಕೆ ಉಳವಪ್ಪ ಇದ್ದ. ಮೆಲ್ಲಗೆ ಹತ್ತಿರ ಬಂದು, ಮಠದಲ್ಲಿ ಪ್ರಸಾದಕ್ಕೆ ಕರೆಯುವ ದನಿಯಲ್ಲಿ ಹೇಳಿದರು:

“ನೋಡವಾ, ಸಂಕ್ರಾಂತಿ ವಾರದಾಗ ಪುಣೆಗೆ ಎರಡು ಸಾವಿರ ಪಿನ್ ಹೋದುವಲ್ಲ, ಟ್ರ್ಯಾಕ್ಟರಿಗೆ ಟ್ರೇಲರ್ ಜೋಡಸೂ ಪಿನ್ನು. ಅದರಾಗ ಸಣ್ಣಾದ ಪಿನ್ ಭಾಳ ಬಂದಾವ. ಸಾಂಗ್ಲಿ ಕಡೆ ಒಂದು ಟ್ರೇಲರ್ ಕಳಚಿಕೊಂಡು ತೆಗ್ಗಿಗೆ ಬಿತ್ತು. ಮ್ಯಾಲೆ ಕಬ್ಬು ಕಡಿಯವರು ಕುಂತಿದ್ರು. ಎರಡು ಜೀವ ಹೋದುವು. ಆ ಮಾಲು ನೋಡಿದ ಕೈ ಯಾರದು?”

ಸತ್ಯವ್ವ ತನ್ನ ಕೈ ನೋಡಿಕೊಂಡಳು. “ನಂದ್ರೀ.”

“ಪೊಲೀಸ್ರು ಕೇಳಾಕ ಬರಬಹುದು. ನಾ ಏನ್ ಹೇಳ್ಲಿ? ಶನಿವಾರ ಪುಣೆ ಸಾಹೇಬ್ರು ಬರ್ತಾರ. ಅವತ್ತ ನಿಮಗೆಲ್ಲ ಲೆಕ್ಕದ ಪರೀಕ್ಷಾ. ಬರದವರು ಮನೀಗೆ. ದೇವರ ಕೆಲಸ ಇದು, ತಪ್ಪಿದ್ರ ಪಾಪ ಸುತ್ತಕೋತೈತಿ.”

ಗೋಡೆಯ ಬದಿಗೆ, ಪುಣೆಯವರು ಸಣ್ಣದೆಂದು ಆರಿಸಿ ತಿರುಗಿ ಕಳಿಸಿದ ಪಿನ್ನಿನ ಮೂರು ಕಟ್ಟಿಗೆಯ ಪೆಟ್ಟಿಗೆಗಳಿದ್ದವು. ಮೇಲೆ ತಾಡಪತ್ರಿ ಹೊದಿಸಿತ್ತು. ಹೊದಿಸಿದ ರೀತಿ ನೋಡಿದರೆ ಒಳಗಿದ್ದದ್ದು ಪಿನ್ನಲ್ಲ, ಹೆಣ ಅನ್ನಿಸುತ್ತಿತ್ತು.

ಸತ್ಯವ್ವ ಖಾನಾಪುರದ ಹಾಲುಮತದ ಮನೆಯ ಸೊಸೆ. ಮೂರು ವರ್ಷದ ಹಿಂದಿನವರೆಗೆ ಆ ಮನೆಯಲ್ಲಿ ನೂರಾ ನಲವತ್ತು ಕುರಿಗಳಿದ್ದವು. ಬೇನೆ ಬಂದು ಒಂದೇ ಮಳೆಗಾಲದಲ್ಲಿ ಹಟ್ಟಿ ಬರಿದಾಯಿತು. ಗಂಡ ಭರಮಪ್ಪ ಈಗ ಊರವರ ಎಮ್ಮೆ ಕಾಯುತ್ತಾನೆ. ಸತ್ಯವ್ವ ಬೆಳಗಿನ ಪ್ಯಾಸೆಂಜರ್ ಹಿಡಿದು ದೇಸೂರಿನಲ್ಲಿ ಇಳಿದು, ಮಚ್ಛೆಯ ಕಾರ್ಖಾನೆಗಳ ಹೊಗೆ ಗುರುತು ಹಿಡಿದು ನಡೆಯುತ್ತಾಳೆ.

ಕೆಲಸ ಕಣ್ಣಿನದು, ಬೆರಳಿನದು. ಎರಡು ಬಾಯಿಯ ಉಕ್ಕಿನ ಗೇಜು ಅವಳ ಕೈಯಲ್ಲಿರುತ್ತದೆ. ಪಿನ್ನು ಮೊದಲ ಬಾಯಿಯಲ್ಲಿ ಹೊಗಬೇಕು, ಎರಡನೆಯದರಲ್ಲಿ ಹೊಗಬಾರದು. ಎರಡರಲ್ಲೂ ಹೊಕ್ಕರೆ ಸಣ್ಣದು, ಬಾದ, ಅಂದರೆ ಕೆಟ್ಟ ಮಾಲು. ಬಾದಾದ ಪಿನ್ನಿನ ಮೈಮೇಲೆ ಕುಂಚದಿಂದ ಕೆಂಪು ಬೊಟ್ಟಿಟ್ಟು ಕೆಂಪು ಡಬ್ಬಿಗೆ ಹಾಕಬೇಕು. ಇದಕ್ಕೆ ಅಂಕಿ ಬೇಕಿರಲಿಲ್ಲ. ಎರಡು ತಿಂಗಳಾಗುವಷ್ಟರಲ್ಲಿ ಗೇಜಿಗೆ ಮೊದಲೇ ಅವಳ ಹೆಬ್ಬೆರಳು ಹೇಳುತ್ತಿತ್ತು. ಉಣ್ಣೆ ಮುಟ್ಟಿ ಕುರಿಯ ವಯಸ್ಸು ಹೇಳುವ ಮನೆತನದ ಬೆರಳು ಅದು.

ಸಂಜೆ ಕೆಂಪು ಡಬ್ಬಿ ಎಣಿಸುವುದೂ ಅವಳದೇ ಕೆಲಸ. ಅವಳು ಎಣಿಸುವುದು ಹಟ್ಟಿಯ ಲೆಕ್ಕದಲ್ಲಿ. ಕುರಿ ಗೂಡಿಗೆ ಹೊಗುವಾಗ ಇಪ್ಪತ್ತಕ್ಕೊಂದು ಹರಳು, ಹೊಳೆಯ ಸಣ್ಣ ಕಲ್ಲು, ಕೈ ಬದಲಿಸುವುದು ರೂಢಿ. ಮೊದಲಿನದಕ್ಕೆ ಒಂದು ಅನ್ನಬಾರದು, ಲಾಭ ಅನ್ನಬೇಕು. “ಲಾಭ, ಎರಡು, ಮೂರು...” ಎಂದು ಅವಳು ಬಾದ ಪಿನ್ನು ಎಣಿಸುವುದನ್ನು ಕೇಳಿ ಲೇಥಿನ ಹಣಮಪ್ಪ ಹೊಟ್ಟೆ ಹಿಡಿದುಕೊಂಡಿದ್ದ. “ಯಕ್ಕಾ, ಕೆಟ್ಟ ಮಾಲಿಗೂ ಲಾಭ ಅಂತೀಯಲ್ಲ! ಸಾವಕಾರ ಕೇಳಿದ್ರ ಎದಿ ಒಡಕೊಂತಾನ.” ಕೊನೆಗೆ ಎಷ್ಟು ಹರಳು, ಮೇಲೆ ಎಷ್ಟು ಚಿಲ್ಲರೆ ಎಂದು ಕಾಂತಾಗೆ ಹೇಳುತ್ತಿದ್ದಳು. ಕಾಂತಾ ಅದನ್ನು ಅಂಕಿ ಮಾಡಿ ಬರೆದುಕೊಳ್ಳುತ್ತಿದ್ದಳು. ಆ ಅಂಕಿ ಏನಾಯಿತೆಂದು ಸತ್ಯವ್ವ ಎಂದೂ ಕೇಳಿದವಳಲ್ಲ.

ಅಂದು ಮಧ್ಯಾಹ್ನ ಸತ್ಯವ್ವ, ಕಾಂತಾ, ಹಣಮಪ್ಪ ಮೂವರೂ ನೀರಿನ ಟಾಕಿಯ ನೆರಳಲ್ಲಿ ಕೂತರು. ಸತ್ಯವ್ವನ ಬುತ್ತಿಯ ಗಂಟು ಬಿಚ್ಚಿಯೇ ಇರಲಿಲ್ಲ.

“ಇವರ ಮಾತು ಬ್ಯಾರೇನ ಐತಿ,” ಹಣಮಪ್ಪ ಮೆಣಸಿನಕಾಯಿ ಕಚ್ಚುತ್ತ ಸಣ್ಣ ದನಿಯಲ್ಲಿ ಹೇಳಿದ. “ವರ್ಸದಾಗ ಇನ್ನೂರಾ ನಲವತ್ತು ಹಾಜರಿ ತುಂಬಿದವರನ್ನ ಸುಮ್‌ಸುಮ್ಮನ ಹೊರಗ ದಬ್ಬಾಕ ಬರಂಗಿಲ್ಲ. ಕಾಯದೆ ಐತಿ. ಅದಕ್ಕ ಈ ಹಲ್ಕಟ್ ಸೂಳೆಮಕ್ಕಳು ಇನ್ನೂರಾ ಮೂವತ್ತರ ಆಜುಬಾಜು ಏನರೆ ನೆವ ತಗೀತಾರ. ಹೋದ ವರ್ಸ ಗುರುಸಿದ್ದನ್ನ ಬೀಡಿ ಸೇದಿದಾ ಅಂತ ಹೊರಗ ಹಾಕಿದ್ರು. ನಿಂದೆಷ್ಟಾತು?”

“ಹನ್ನೊಂದು ಹರಳು, ಮ್ಯಾಲೆ ಹದಿನೈದು.”

ಕಾಂತಾ ಬೆರಳು ಮಡಿಚಿದಳು. “ಇನ್ನೂರಾ ಮೂವತ್ತೈದು. ಇವತ್ತ ಮಂಗಳವಾರ. ಶನಿವಾರಕ್ಕ ಇನ್ನೂರಾ ಮೂವತ್ತೊಂಬತ್ತು.”

“ನೋಡಿದ್ಯಾ? ಸೋಮವಾರಕ್ಕ ಬರೋಬರಿ ತುಂಬತೈತಿ. ಅದಕ್ಕ ಶನಿವಾರ ಪರೀಕ್ಷಾ!”

ಸತ್ಯವ್ವ ಕೇಳಿದ್ದು ಬೇರೆಯೇ ಮಾತು. “ಕಾಂತಾ, ಒಂಬತ್ತು ಹೆಂಗ ತೊಂಬತ್ತಾತು?”

ಕಾಂತಾ ಸತ್ಯವ್ವನ ಬುತ್ತಿ ಬಿಚ್ಚಿ ಒಂದು ಭಕ್ಕರಿ ತೆಗೆದಳು. ಹತ್ತು ತುಂಡು ಮಾಡಿದಳು. “ಇವು ಹತ್ತು ಪಾಲು. ಒಂಬತ್ತು ನಿನಗ. ಇನ್ನ ಒಂದೊಂದು ಪಾಲಿನಾಗ ಹತ್ತು ಚೂರು ಮಾಡು. ಒಟ್ಟು ಚೂರು ನೂರು. ನಿನ್ನ ಕೈಯಾಗ ಎಷ್ಟು ಚೂರು ಬಂದುವು?”

ಸತ್ಯವ್ವ ಒಂಬತ್ತು ತುಂಡುಗಳನ್ನು ಒಂದೊಂದಾಗಿ ಬೆರಳಿನಿಂದ ಸರಿಸಿದಳು. “ತೊಂಬತ್ತು.”

“ಅಷ್ಟ.”

“ಅಷ್ಟನಾ?” ಎಂದವಳ ಮುಖ ಅರಳಲಿಲ್ಲ, ಇನ್ನಷ್ಟು ಬಾಡಿತು. “ಇಷ್ಟು ಸಣ್ಣದು ನನಗ ಗೊತ್ತಿರಲಿಲ್ಲ. ಹಂಗಂದ್ರ ಆ ಎರಡು ಜೀವ...”

“ನೀ ಗೇಜಿನಿಂದ ನೋಡೀದಿ. ಅದಕ್ಕ ಪಾಯಿಂಟ್ ಎಲ್ಲಿ ಬೇಕು?” ಎಂದಳು ಕಾಂತಾ.

“ಗೇಜು ಸವದಿತ್ತೇನೋ. ನನ್ನ ಬೆರಳು ಸವದಿತ್ತೇನೋ.”

ಕಾಂತಾ ಏನೋ ಹೇಳಲು ಬಾಯಿ ತೆರೆದಳು. ಟಾಕಿಯ ಆಚೆ ಉಳವಪ್ಪನ ಬೂಟಿನ ಸದ್ದು ಕೇಳಿ ಮುಚ್ಚಿದಳು. ಅವಳ ಅಪ್ಪನ ಕೈಮಗ್ಗ ಮಾರಿ ವರ್ಷವಾಗಿತ್ತು. ಆ ಮನೆಯಲ್ಲಿ ಸಂಬಳ ತರುವವಳು ಅವಳೊಬ್ಬಳೇ.

ಅಂದು ಪ್ಯಾಸೆಂಜರಿನ ಬಾಗಿಲ ಬಳಿ ಕೂತವಳು ಖಾನಾಪುರ ಬಂದದ್ದೂ ತಿಳಿಯದೆ ಕೂತೇ ಇದ್ದಳು. ಗಾರ್ಡು ಕೂಗಿ ಇಳಿಸಿದ. ಮಲಪ್ರಭೆಯ ದಂಡೆಗೆ ಬಂದಾಗ ಭರಮಪ್ಪ ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದ. ಅವನಿಗೆ ಎಲ್ಲವನ್ನೂ ಹೇಳಿದಳು, ಎರಡು ಜೀವದ ಮಾತೊಂದನ್ನು ಬಿಟ್ಟು. ಮತ್ತೆ ಸ್ವಲ್ಪ ದೂರ ನಡೆದು ಅದನ್ನೂ ಹೇಳಿದಳು.

ಭರಮಪ್ಪ ಬಹಳ ಮಾತಿನವನಲ್ಲ. ಎಮ್ಮೆಯ ಕೊರಳು ತುರಿಸುತ್ತ ಹೇಳಿದ: “ನಮ್ಮಪ್ಪ ಒಂದು ಸಲ ನಿಪ್ಪಾಣಿ ಸಂತ್ಯಾಗ ಕಳುವಿನ ಕುರಿ ಹಿಡದಿದ್ದ, ಗೊತ್ತನ? ಕಳ್ಳ ಉಣ್ಣಿ ಕತ್ತರಿಸಿದ್ದ, ಬೆನ್ನಿನ ಕೆಮ್ಮಣ್ಣು ತೊಳದಿದ್ದ. ಸಾಕಿದವರಿಗೂ ಗುರ್ತ ಸಿಗದಂಗ ಮಾಡಿದ್ದ. ಅಪ್ಪ ಕುರಿ ಕಿವಿ ತಿರುವಿ ಒಳಗ ತೋರಿಸಿದಾ. ಅಲ್ಲಿ ನಮ್ಮ ಮನಿ ಕೆಮ್ಮಣ್ಣಿನ ಗುರ್ತ ಹಂಗ ಇತ್ತು. ಬೆನ್ನಿನ ಗುರ್ತ ಮಳಿಗೆ, ಕಿವಿ ಗುರ್ತ ಮನೀಗೆ ಅಂತಿದ್ದ.”

“ಅದು ಕುರಿ. ಇದು ಕಬ್ಬಿಣ,” ಎಂದಳು ಸತ್ಯವ್ವ.

ಜಗುಲಿಯ ಗೂಡಿನಲ್ಲಿ ಬೀರಪ್ಪನ ಮುಂದೆ ಇಪ್ಪತ್ತು ಹಾಜರಿಗೊಂದರಂತೆ ಹನ್ನೊಂದು ಹರಳು ಸಾಲಾಗಿದ್ದವು, ಭಂಡಾರದ ಅರಿಶಿನ ಮೆತ್ತಿದ ಹೊಳೆಯ ಹರಳು. ಪಕ್ಕದಲ್ಲಿ ಇದ್ದಿಲಿನ ಹದಿನೈದು ಗೆರೆ. ದೀಪ ಹಚ್ಚಿ ಕೈ ಮುಗಿದಳು. ಏನು ಬೇಡಬೇಕು ತಿಳಿಯಲಿಲ್ಲ. ಕೆಲಸ ಉಳಿಸು ಅನ್ನಲೇ? ಇಬ್ಬರನ್ನು ಕೊಂದ ಕೈಗೆ ಕೆಲಸ ಯಾಕೆ ಎಂದು ದೇವರು ಕೇಳಿದರೆ? ಸುಮ್ಮನೆ ಹೆಬ್ಬೆರಳನ್ನು ದೀಪದ ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳು ಏನೂ ಹೇಳಲಿಲ್ಲ.

ಬುಧವಾರ ಕೆಲಸಕ್ಕೆ ಕೂತಾಗ ಒಂದು ಪಿನ್ನನ್ನು ಮೂರು ಸಲ ಗೇಜಿಗೆ ಹಾಕಿದಳು, ನಾಲ್ಕು ಸಲ ಹಾಕಿದಳು. ಒಳ್ಳೆಯದನ್ನು ಬಾದ ಡಬ್ಬಿಗೆ ಹಾಕಿ ಮತ್ತೆ ಹೆಕ್ಕಿದಳು. ಅವಳ ಮುಂದೆ ಮಾಲು ಗುಡ್ಡೆಯಾಯಿತು. “ಹೆರಿಗಿ ಕುಂತವಳಂಗ ತಿಣಕಾಡಾಕತ್ತಾಳ ನೋಡ್ರಿ,” ಎಂದು ಉಳವಪ್ಪ ಎಲ್ಲರಿಗೂ ಕೇಳುವಂತೆ ಹೇಳಿದ.

ಗುರುವಾರ ಊಟದ ಹೊತ್ತಿಗೆ ತಡೆಯಲಾರದೆ ಅವಳು ಗೋಡೆ ಬದಿಯ ಪೆಟ್ಟಿಗೆಯ ಕಡೆ ಹೋದಳು. ಒಂದೇ ಒಂದು ಪಿನ್ನು ಮುಟ್ಟಿ ನೋಡಬೇಕು. ತಪ್ಪು ತನ್ನದಾದರೆ ಬೆರಳಿಗೆ ತಿಳಿಯುತ್ತದೆ. ತಾಡಪತ್ರಿಯ ತುದಿ ಎತ್ತಿದ್ದಳಷ್ಟೇ, ಹಿಂದಿನಿಂದ ಉಳವಪ್ಪ ರಟ್ಟೆ ಹಿಡಿದು ಎಳೆದ.

“ಕಳ್ಳಿ! ಏನ್ ಕದ್ದಿ? ಸೆರಗು ಬಿಚ್ಚು. ಬಿಚ್ಚ ಬೇ!”

“ಏನೂ ಇಲ್ರೀ ಯಪ್ಪಾ. ಬೀರಪ್ಪನ ಆಣಿ.”

“ಬೀರಪ್ಪಗ ನಾ ಹೇಳ್ಕೋತೇನಿ. ಸೊಂಟದಾಗ ಏನದು?”

ಚೀಲ ಕಿತ್ತುಕೊಂಡು ಕೊಡವಿದ. ನೆಲದ ಮೇಲೆ ಹರಳು ಉರುಳಿದವು, ಡಬ್ಬಿ ಎಣಿಸುವ ಹರಳು. ಅವನು ಒಂದು ಕ್ಷಣ ನೋಡಿ ನಕ್ಕ. “ಇದು ಇವಳ ಮಷೀನ್ ನೋಡ್ರಲೇ! ಕಲ್ಲು ಎಣಿಸಿ ಲೆಕ್ಕ ಮಾಡತಾಳ!” ಬೂಟಿನ ತುದಿಯಿಂದ ಹರಳುಗಳನ್ನು ಎಣ್ಣೆಯ ಚರಂಡಿಗೆ ನೂಕಿದ. ಯಾರೂ ಏಳಲಿಲ್ಲ. ಸತ್ಯವ್ವ ಚರಂಡಿಯ ಕರಿ ಎಣ್ಣೆಯಲ್ಲಿ ಮೊಳಕೈವರೆಗೆ ಕೈ ಇಟ್ಟು ಒಂದೊಂದೇ ಹುಡುಕಿದಳು. ಒಂಬತ್ತು ಸಿಕ್ಕವು. ಹತ್ತನೆಯದು ಸಿಗಲಿಲ್ಲ.

ಆ ಸಂಜೆ ಖಾಕಿ ಟೋಪಿಯ ಪೊಲೀಸನೊಬ್ಬ ದೇಸೂರಿನ ನಿಲ್ದಾಣದಲ್ಲಿ ಚಹಾ ಕುಡಿಯುತ್ತಿದ್ದ. ಅವನು ಅವಳ ಕಡೆ ನೋಡಲೂ ಇಲ್ಲ. ಸತ್ಯವ್ವ ಕಂಬದ ಮರೆಗೆ ನಿಂತು, ಗಾಡಿ ಚಲಿಸಿದ ಮೇಲೆ ಓಡಿ ಹತ್ತಿದಳು.

ಶನಿವಾರ ಬಂತು. ಶೆಡ್ಡಿನ ನಡುವೆ ಟೇಬಲ್ಲು, ಅದರ ಮೇಲೆ ಹೂವಿನ ಬಟ್ಟೆ. ಪುಣೆಯ ಸಾಹೇಬ ಕನ್ನಡಕದ, ದಣಿದ ಮುಖದ ಮರಾಠಿ ಮನುಷ್ಯ, ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. ಪಕ್ಕದಲ್ಲಿ ಗುರುಪುತ್ರಪ್ಪ. ತಾಡಪತ್ರಿ ತೆಗೆದು ಒಂದು ಪೆಟ್ಟಿಗೆಯ ಬಾಯಿ ತೆರೆದಿಟ್ಟಿದ್ದರು, ಸಾಹೇಬರು ನೋಡಲೆಂದು. ಗುರುಪುತ್ರಪ್ಪನ ಮುಂದೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಹಾಳೆಯೂ ಶಾಯಿಯ ಪ್ಯಾಡೂ ಸಿದ್ಧವಾಗಿದ್ದವು. ಪರೀಕ್ಷೆ ಆಗುವ ಮೊದಲೇ ಪ್ಯಾಡಿನ ಮುಚ್ಚಳ ತೆಗೆದಿತ್ತು.

ಹೆಂಗಸರು ಒಬ್ಬೊಬ್ಬರಾಗಿ ಎದ್ದು ನಿಂತು ಉತ್ತರ ಹೇಳಬೇಕು. ಕಾಂತಾ ಮೊದಲು, ಪಟಪಟನೆ ಹೇಳಿ ಕೂತಳು. ರೇಣವ್ವ ತಡವರಿಸಿದಳು. ಶಿವಬಸವ್ವ ಅತ್ತೇ ಬಿಟ್ಟಳು, ಅವಳನ್ನು ಕೂಡಿಸಿದರು. ಕಡೆಗೆ ಸತ್ಯವ್ವ.

“ಇಪ್ಪತ್ನಾಕು ಪಾಯಿಂಟ್ ಒಂಬತ್ತು?” ಎಂದ ಉಳವಪ್ಪ, ನಗು ಬಾಯಲ್ಲಿ ಸಿದ್ಧವಿಟ್ಟುಕೊಂಡು.

“ಪಾಸ್ರಿ. ಒಂಬತ್ತು ಅಂದ್ರ ತೊಂಬತ್ತು.”

ನಗು ಬಾಯಲ್ಲೇ ಉಳಿಯಿತು. ಗುರುಪುತ್ರಪ್ಪ ಕಾಗದವೊಂದನ್ನು ಸರಿಸಿಕೊಟ್ಟರು. “ಶೇಕಡಾದ್ದು ಕೇಳು.”

ಉಳವಪ್ಪ ಪುಣೆಯ ಪತ್ರವನ್ನೇ ನೋಡಿಕೊಂಡು ಓದಿದ. ಬೇರೆ ಲೆಕ್ಕ ಹೊಸೆಯುವ ಕಷ್ಟ ಯಾರು ತೆಗೆದುಕೊಳ್ಳುತ್ತಾರೆ? “ಎರಡು ಸಾವಿರ ಪಿನ್. ಅದರಾಗ ಮುನ್ನೂರಾ ಇಪ್ಪತ್ತೇಳು ಬಾದ. ನೂರಕ್ಕ ಎಷ್ಟಾತು? ಹೇಳು. ಕಲ್ಲು ಬೇಕೇನ್? ತಂದೀಯಾ?”

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಸತ್ಯವ್ವ ಬೀರಪ್ಪಾ ಎಂದುಕೊಂಡು ಸೊಂಟದ ಚೀಲ ಬಿಚ್ಚಿದಳು. ಒಂಬತ್ತು ಹರಳನ್ನು ಎಡಗೈಯಲ್ಲಿ ಹಿಡಿದಳು. ಎರಡು ಸಾವಿರ ಕುರಿ ಎಂದುಕೊಂಡಳು. ಇಪ್ಪತ್ತಕ್ಕೊಂದು ಹರಳು. ಹಾಗಾದರೆ ನೂರು ಹರಳು. ಮುನ್ನೂರಾ ಇಪ್ಪತ್ತೇಳು ಕುರಿ. ಹರಳು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ದಾಟಿದವು. ತುಟಿ ಅಲುಗುತ್ತಿತ್ತು. ಹದಿನಾಲ್ಕು, ಹದಿನೈದು, ಹದಿನಾರು.

“ಇಪ್ಪತ್ತು ಪಿನ್ನಿಗೆ ಒಂದು ಹರಳು. ನೂರು ಹರಳಿಗೆ ಹದಿನಾರು ಹರಳ್ರಿ,” ಎಂದಳು. “ಮ್ಯಾಲೆ ಏಳು ಪಿನ್ನು ಚಿಲ್ಲರೆ.”

ಈ ಸಲ ಉಳವಪ್ಪ ತಡೆಯಲಿಲ್ಲ. “ಹರಳಂತ! ಸಾಹೇಬ್ರ, ನಾ ಹೇಳ್ಲಿಲ್ಲೇನ್ರಿ...”

“ಥಾಂಬಾ,” ಎಂದ ಪುಣೆಯ ಸಾಹೇಬ, ಕೈ ಎತ್ತಿ ತಡೆದು. ತನ್ನ ಕಡತ ತೆರೆದು ನೋಡಿದ, ಪೆನ್ನಿನಿಂದ ಅಂಚಿನಲ್ಲಿ ಏನೋ ಗೀಚಿದ. ಏಳನ್ನು ಇಪ್ಪತ್ತರಿಂದ ಭಾಗಿಸಿದನೇನೋ. “ಹದಿನಾರು ಪಾಯಿಂಟ್ ಮೂವತ್ತೈದು,” ಎಂದು ಮರಾಠಿಯಲ್ಲಿ ಹೇಳಿದ. “ಬರೋಬರ ಆಹೆ. ಸರಿಯಾಗಿಯೇ ಹೇಳಿದ್ದಾಳೆ.”

ಸತ್ಯವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಕೈಯಲ್ಲಿನ ಹರಳು ನೋಡುತ್ತ ನಿಂತಿದ್ದಳು. ಹದಿನಾರು ಹರಳು, ಮೇಲೆ ಏಳು. ಈ ಲೆಕ್ಕ ತನ್ನ ಬಾಯಿಂದ ಹಿಂದೆಯೂ ಒಮ್ಮೆ ಬಂದದ್ದು. ಸಂಕ್ರಾಂತಿಯ ವಾರ. ದಿನಾ ಎರಡು ಹರಳು, ಮೂರು ಹರಳು ಆಗುವ ಕೆಂಪು ಡಬ್ಬಿ ಅಂದು ತುಂಬಿ ಹೊರಗೂ ಚೆಲ್ಲಿತ್ತು. ಹರಳು ಸಾಲದೆ ಹಣಮಪ್ಪನ ಹತ್ತಿರ ಆರು ನಟ್ಟು ಇಸಿದುಕೊಂಡು ಎಣಿಸಿದ್ದಳು. ಹತ್ತು ಹರಳು, ಆರು ನಟ್ಟು, ಮೇಲೆ ಏಳು. ಹೊರಗೆ ಪುಣೆಯ ಮಾಲಿಗೆ ಕಾದಿದ್ದ ಲಾರಿ ಹಾರ್ನು ಹೊಡೆಯುತ್ತಿತ್ತು.

ಬಾದ ಎಂದು ತಾನು ತೆಗೆದಿಟ್ಟದ್ದು ಅಷ್ಟು. ಪುಣೆಯಲ್ಲಿ ಬಾದ ಎಂದು ಸಿಕ್ಕದ್ದೂ ಅಷ್ಟೇ.

ಅವಳು ಯಾರನ್ನೂ ಕೇಳಲಿಲ್ಲ. ನಾಲ್ಕು ಹೆಜ್ಜೆ ಹೋಗಿ ಪೆಟ್ಟಿಗೆಯಿಂದ ಒಂದು ಪಿನ್ನು ಎತ್ತಿಕೊಂಡಳು. ಹೆಬ್ಬೆರಳು ಮೈಮೇಲೆ ಆಡಿತು. ಸಣ್ಣದು. ಕುರುಡಿಯೂ ಹೇಳುವಷ್ಟು ಸಣ್ಣದು. ಇದನ್ನು ತನ್ನ ಕೈ ಬಿಡುವುದು ಸಾಧ್ಯವಿರಲಿಲ್ಲ. ಮೂಗಿಗೆ ಹಿಡಿದಳು, ಸೀಮೆಎಣ್ಣೆಯ ವಾಸನೆ ಇನ್ನೂ ಇತ್ತು. ಮೈಮೇಲೆ ಕೆಂಪು ಬೊಟ್ಟಿಲ್ಲ. ಒರೆಸಿದ್ದಾರೆ. ಪಿನ್ನನ್ನು ನೆಟ್ಟಗೆ ನಿಲ್ಲಿಸಿ ತಲೆ ನೋಡಿದಳು.

ಪ್ರತಿ ಪಿನ್ನಿನ ತಲೆಯಲ್ಲೂ ಲೇಥು ಕೊರೆದ ಒಂದು ಕುಣಿ ಇರುತ್ತದೆ, ಕಾಳುಮೆಣಸು ಹಿಡಿಸುವಷ್ಟು. ಬೊಟ್ಟಿಟ್ಟ ಮೇಲೆ ಕುಂಚದ ತುದಿಯನ್ನು ಆ ಕುಣಿಗೆ ಒಮ್ಮೆ ಚುಚ್ಚಿ ಎತ್ತುವುದು ಅವಳ ಕೈಯ ಚಾಳಿ. ಯಾರೂ ಹೇಳಿಕೊಟ್ಟದ್ದಲ್ಲ, ಚುಚ್ಚುತ್ತಿದ್ದೇನೆಂಬುದು ಅವಳಿಗೇ ನೆನಪಿರಲಿಲ್ಲ. ಕುರಿಯ ಬೆನ್ನಿಗೆ ಕೆಮ್ಮಣ್ಣು ಹಚ್ಚಿದ ಕೈ ಕಿವಿಗೂ ಹೋಗದೆ ಹೇಗಿದ್ದೀತು?

ಕುಣಿಯ ತಳದಲ್ಲಿ ಕೆಂಪು ಕೂತಿತ್ತು.

ಪಿನ್ನನ್ನು ಪುಣೆಯವನ ಮುಂದೆ ಹೂವಿನ ಬಟ್ಟೆಯ ಮೇಲೆ ನಿಲ್ಲಿಸಿದಳು. ಖಾನಾಪುರದವಳಿಗೆ, ಅದರಲ್ಲೂ ಕುರಿ ಹಿಂದೆ ಕೊಲ್ಲಾಪುರದವರೆಗೆ ನಡೆದವಳಿಗೆ ಮರಾಠಿ ಯಾರೂ ಕಲಿಸಬೇಕಾಗಿಲ್ಲ. ಮರಾಠಿಯಲ್ಲೇ ಹೇಳಿದಳು, ಇದು ನನ್ನ ಕೈಯ ಗುರುತು, ಇದನ್ನು ನಾನು ಬಾದ ಅಂತ ತೆಗೆದಿಟ್ಟಿದ್ದೆ, ಬೆನ್ನು ಒರೆಸಿದ್ದಾರೆ, ಕಿವಿ ಒರೆಸಲು ಮರೆತಿದ್ದಾರೆ.

“ಸುಳ್ಳು!” ಉಳವಪ್ಪ ಕಿರುಚಿದ. “ಬಾಡಕೋ, ಇವತ್ತ ಹಚ್ಚಿ ತಂದಾಳ್ರಿ ಇದನ್ನ! ಗುರುವಾರ ಪೆಟ್ಟಿಗಿ ಹತ್ರ ಸುಳದಾಡತಿದ್ಲು, ನಾನ ಹಿಡದೇನಿ!”

ಗುರುಪುತ್ರಪ್ಪ ಶೆಡ್ಡಿನ ಸುತ್ತ ನಿಧಾನಕ್ಕೆ ಕಣ್ಣು ಹಾಯಿಸಿದರು. “ಒಂದು ಪಿನ್ನಿಗೆ ಯಾರರೆ ಬಣ್ಣ ಹಚ್ಚಬಹುದು. ಇವಳ ಮಾತಿಗೆ ಸಾಕ್ಷಿ ಅನ್ನವರು ಯಾರದೀರಿ? ಎದ್ದ ನಿಂದರ್ರಿ, ನೋಡೂಣು.”

ಎಲ್ಲರೂ ತಮ್ಮ ತಮ್ಮ ಪಾದ ನೋಡಿಕೊಂಡರು. ಹಣಮಪ್ಪ ಕೂಡ.

ಕಾಂತಾ ಎದ್ದು ನಿಲ್ಲಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದವಳು, ಕೂತಲ್ಲಿಂದಲೇ ಕೈ ಇಳಿಬಿಟ್ಟು ಒಂದು ಪಿನ್ನು ತೆಗೆದು, ತಲೆ ತಿರುಗಿಸಿ ನೋಡಿ, ತನಗೆ ತಾನೇ ಹೇಳಿಕೊಂಡಂತೆ ಅಂದಳು:

“ಇದರಾಗೂ ಐತಿ.”

ಅದನ್ನು ನೆಲದ ಮೇಲೆ ನಿಲ್ಲಿಸಿದಳು. ಇನ್ನೊಂದು ತೆಗೆದಳು. “ಇದರಾಗೂ.” ಮೂರನೆಯದು ತೆಗೆದಾಗ ಅವಳ ಕಣ್ಣಿನಿಂದ ನೀರಿಳಿಯುತ್ತಿತ್ತು. “ರಿಜಿಸ್ಟರಿನಾಗ ಬರದಿದ್ದೆ ನಾನು. ಮುನ್ನೂರಾ ಇಪ್ಪತ್ತೇಳು. ಆ ಹಾಳಿ ಹರದು ನನ್ನ ಮುಂದನ ಸುಟ್ಟೀರಿ, ಉಳವಪ್ಪ.”

ಪುಣೆಯ ಸಾಹೇಬ ಪಿನ್ನನ್ನು ಎತ್ತಿ ಕುಣಿಯೊಳಗೆ ನೋಡಿದ. ಆಮೇಲೆ ಕರವಸ್ತ್ರದಿಂದ ಬೆರಳು ಒರೆಸಿಕೊಂಡು ಗುರುಪುತ್ರಪ್ಪನಿಗೆ, “ಚಲಾ, ಆತ್ ಬೋಲೂ,” ಎಂದ, ಒಳಗೆ ಮಾತಾಡೋಣ ಎಂದು. ಇಬ್ಬರೂ ಒಳಗಿನ ಕೋಣೆಗೆ ಹೋದರು. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಎರಡು ಚಹಾ ಒಳಗೆ ಹೋಯಿತು. ಮತ್ತೆ ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗು ಕೇಳಿತು, ಒಬ್ಬರದಲ್ಲ, ಇಬ್ಬರದು.

ಸಂಜೆ ಉಳವಪ್ಪ ಟೈಪಿನ ಹಾಳೆ ಹಿಡಿದು ಬೆಂಚಿಗೆ ಬಂದ. ಈಗ ಅವನ ದನಿ ತಗ್ಗಿತ್ತು, ಅದಕ್ಕೇ ಹೆಚ್ಚು ಹೆದರಿಕೆಯಾಗುವಂತಿತ್ತು.

“ನೋಡು, ಸಾಹೇಬ್ರು ದೊಡ್ಡ ಮನಸು ಮಾಡ್ಯಾರ. ಪೊಲೀಸ್ರಿಗೆ ಕೊಡಂಗಿಲ್ಲ. ನನಗ ಲೆಕ್ಕ ಬರೂದಿಲ್ಲ, ತಪ್ಪು ನಂದ, ನಾನಾಗೇ ಕೆಲಸ ಬಿಡ್ತೇನಿ ಅಂತ ಐತಿ ಇದರಾಗ. ಒಂದು ಹೆಬ್ಬೆಟ್ಟು ಒತ್ತು, ಮನೀಗೆ ಹೋಗು. ಒತ್ತಲಿಲ್ಲಂದ್ರ ನಿನ್ನ ಗಂಡ ಠಾಣೆ ಮುಂದ ಎಮ್ಮಿ ಕಾಯಬೇಕಾಕ್ಕೈತಿ, ತಿಳೀತಾ?”

ಶಾಯಿಯ ಪ್ಯಾಡು ಮುಂದಿಟ್ಟ. ಸತ್ಯವ್ವ ಸೆರಗಿಗೆ ಕೈ ಒರೆಸಿಕೊಂಡಳು. ಹೆಬ್ಬೆರಳು ಮುಂದೆ ಬಂತು. ಉಳವಪ್ಪ ಹಾಳೆಯ ಅಂಚನ್ನು ನೀವಿ ಸಾಪು ಮಾಡಿದ. ಬೆರಳು ಪ್ಯಾಡಿನ ಮೇಲೆ ನಿಂತಿತು. ಅಲ್ಲಿಂದ ಸರಿಯಿತು. ಬೆಂಚಿನ ಮೇಲಿದ್ದ ಕುಂಚವನ್ನು ಹಿಡಿಯಿತು.

ಅದನ್ನು ಕೆಂಪು ಬಣ್ಣದಲ್ಲಿ ಅದ್ದಿ, ಹಾಳೆಯ ನಟ್ಟನಡುವೆ, ಅಕ್ಷರಗಳ ಮೇಲೆ, ಒಂದು ಬೊಟ್ಟಿಟ್ಟಳು. ಪಿನ್ನಿಗೆ ಇಡುವ ಬೊಟ್ಟಿಗಿಂತ ದೊಡ್ಡದಲ್ಲ, ಸಣ್ಣದೂ ಅಲ್ಲ. ಬಾದ ಮಾಲಿಗೆ ಎಷ್ಟೋ ಅಷ್ಟೇ. ಬಣ್ಣ ಕೆಳಗಿಳಿದು, ಸಹಿ ಎಂದು ಬರೆದ ಜಾಗಕ್ಕೆ ಬಂದು ನಿಂತಿತು.

“ಇದು ಪಾಸ್ ಆಗಂಗಿಲ್ರಿ,” ಎಂದಳು. ಹೇಳಿದ ಕೂಡಲೇ ಅಳು ಬಂತು.

ಉಳವಪ್ಪ ಅವಳ ಬುತ್ತಿಯ ಗಂಟನ್ನು ಎತ್ತಿ ಗೇಟಿನಾಚೆ ಎಸೆದ.

ಭಾನುವಾರ ಹೊಳೆಯ ದಂಡೆಯಲ್ಲಿ ಬಹಳ ಹೊತ್ತು ಹುಡುಕಿ ಒಂದು ಹರಳು ಆರಿಸಿದಳು, ಸೋಮವಾರ ಇಪ್ಪತ್ತನೆಯ ಗೆರೆ ತುಂಬಿದಾಗ ಇಡಬೇಕಾದದ್ದು. ಕೋಳಿಮೊಟ್ಟೆಗಿಂತ ಸಣ್ಣದು, ಕರಿದು. ಭರಮಪ್ಪ, “ನಾನೂ ಬರಲೇನು?” ಎಂದ. “ಎಮ್ಮಿ ಯಾರು ಕಾಯವರು?” ಎಂದಳು. ಬೀರಪ್ಪನ ಮುಂದೆ ಹರಳಿಗೆ ಭಂಡಾರ ಹಚ್ಚಿ ಸೆರಗಿಗೆ ಕಟ್ಟಿಕೊಂಡಳು.

ಸೋಮವಾರ ಎಂದಿನ ಪ್ಯಾಸೆಂಜರು, ಎಂದಿನ ದಾರಿ. ಎರಡು ಕಡೆ ಕೂತು ಎದ್ದಳು. ರಸ್ತೆಯಲ್ಲಿ ಟ್ರ್ಯಾಕ್ಟರೊಂದು ಟ್ರೇಲರ್ ತುಂಬ ಆಳುಗಳನ್ನು ಹೇರಿಕೊಂಡು ಅವಳನ್ನು ದಾಟಿ ಹೋಯಿತು. ಕೊಂಡಿಯಲ್ಲಿ ಪಿನ್ನು ಟಣ್ ಟಣ್ ಎಂದು ಕುಣಿಯುತ್ತಿತ್ತು. ಮೇಲೆ ಕೂತ ಹುಡುಗಿಯೊಬ್ಬಳು ಅವಳಿಗೆ ಕೈ ಬೀಸಿದಳು. ಆ ಸದ್ದು ತಿರುವಿನಲ್ಲಿ ಮರೆಯಾಗುವವರೆಗೂ ಸತ್ಯವ್ವ ನಿಂತು ಕೇಳಿದಳು.

ಗೇಟಿನಲ್ಲಿ ಕಾವಲಿನ ರಾಯಪ್ಪ ಚೀಟಿ ನೋಡಿದ. “ನಿನ್ನ ಹೆಸರು ಹೊಡದಾರ ತಂಗಿ. ಕಾಂತಾಂದೂ ಹೊಡದಾರ. ನನ್ನ ಕೈಯಾಗ ಏನಿಲ್ಲ. ಹೋಗು, ಯಾಕ ಸುಮ್ಮನ.”

“ನಾ ಬಂದೇನಿ. ನೀವು ಒಳಗ ಬಿಡಲಿಲ್ಲ. ಇವತ್ತಿನ ಹಾಜರಿ ನಂದು.”

“ಎಲ್ಲೆರೆ ಬರಕೋ ಹೋಗ.”

ದೂರದಲ್ಲಿ, ರಸ್ತೆಯ ಇನ್ನೊಂದು ತುದಿಯಿಂದ, ಶಹಾಪುರದ ಕಡೆಯ ಬಸ್ಸು ಇಳಿದು ಕಾಂತಾ ನಡೆದು ಬರುತ್ತಿದ್ದಳು. ಅವಳ ಹಿಂದೆ ಧೂಳೆಬ್ಬಿಸುತ್ತ ಗುರುಪುತ್ರಪ್ಪನ ಬಿಳಿ ಕಾರು. ಕಾರ್ಖಾನೆಯ ಎಂಟು ಗಂಟೆಯ ಭೋಂ ಕೂಗಿತು. ಭೋಂ ಕೂಗಿದ ಮೇಲೆ ಗೇಟು ಮುಚ್ಚಬೇಕು. ಅದು ರಾಯಪ್ಪನ ನೌಕರಿ.

ಸತ್ಯವ್ವ ಬಗ್ಗಿದಳು. ಗೇಟಿನ ಗಾಲಿ ಓಡುವ ಕಬ್ಬಿಣದ ಹಳಿಯ ಮೇಲೆ ಹನ್ನೆರಡನೆಯ ಹರಳನ್ನು ಇಟ್ಟಳು. “ಲಾಭ,” ಎಂದಳು ಮೆಲ್ಲಗೆ. ಪಕ್ಕದಲ್ಲಿ ನೆಲಕ್ಕೆ ಕೂತಳು.

ರಾಯಪ್ಪ ಗೇಟನ್ನು ದಬ್ಬಿದ. ಗಾಲಿ ಉರುಳಿ ಬಂದು ಹರಳಿಗೆ ತಾಕಿ ನಿಂತಿತು. ಇನ್ನೊಮ್ಮೆ ದಬ್ಬಿದ. ಹರಳು ಕಿರುಗುಟ್ಟಿತು, ಸರಿಯಲಿಲ್ಲ. ಅವನು ಬಗ್ಗಿ ನೋಡಿದ, ಕಪ್ಪು ಕಲ್ಲು, ಅದರ ಮೇಲೆ ಹಳದಿ ಭಂಡಾರ. ಬೂಟಿನ ಕಾಲು ಎತ್ತಿದವನು ಎತ್ತಿದಂತೆಯೇ ನಿಂತ. ಕಾರು ಹಾರ್ನು ಹೊಡೆಯುತ್ತ ಹತ್ತಿರವಾಗುತ್ತಿತ್ತು.